ಸತ್ತವರಿಗೆ ನೀರು ಕೊಡುವ ಗಡಿಗೆ

ಹೇಳಿಬಿಡಬೇಕೇ, ಬೇಡವೇ? ಹೇಳಿದರೆ ಯಾರದೋ ಮಗ ಸಿಕ್ಕಿಬೀಳುತ್ತಾನೆ, ಅವನ ಓದು, ವೀಸಾ ಎಲ್ಲ ಮಣ್ಣುಪಾಲು. ಹೇಳದಿದ್ದರೆ ತಾನು ಎಂಥ ಪೊಲೀಸ್? ವಾಲ್ ನದಿಯ ಮರಳ ದಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಇನ್‌ಸ್ಪೆಕ್ಟರ್ ತ್ಯಾಗರಾಜನ ಮುಂದೆ, ನೀಲಿ ಕಮಲದ ಎಸಳು ಬರೆದ ಗಡಿಗೆಯೊಂದು ಚೂರುಚೂರಾಗಿ ಬಿದ್ದಿತ್ತು.

2021ರ ಮೇ ಹನ್ನೊಂದರ ಬೆಳಿಗ್ಗೆ ನೈಮೆಗನ್ ಎಂಬ ಡಚ್ ಊರಿನ ಠಾಣೆಗೆ ದೂರು ಬಂದಿತ್ತು. ಖಾಸಗಿ ಸಂಗ್ರಹಾಲಯವೊಂದರ ಅಧ್ಯಯನ ಕೊಠಡಿಯಿಂದ ಪುರಾತನ ಈಜಿಪ್ಟಿನ ಗಡಿಗೆ ಕಾಣೆಯಾಗಿದೆ. ಸತ್ತವರಿಗೆ ನೀರು ಅರ್ಪಿಸಲು ಮೂರು ಸಾವಿರ ವರ್ಷಗಳ ಹಿಂದೆ ಮಾಡಿದ್ದು. ಬೀಗ ಒಡೆದಿರಲಿಲ್ಲ. ಲಾಕ್‌ಡೌನಿನಲ್ಲಿ ಕೊಠಡಿಯ ಕೀ ಇದ್ದದ್ದು ಕೆಲವೇ ಸಂಶೋಧಕರ ಬಳಿ. ಮಧ್ಯಾಹ್ನ, ನಾಯಿ ಅಡ್ಡಾಡಿಸಲು ಬಂದ ಮುದುಕಿಯೊಬ್ಬಳು ದಡದ ಚೂರುಗಳ ಸುದ್ದಿ ಕೊಟ್ಟಳು.

"ಕದ್ದವನು ಕುಡಿದಿರಬೇಕು," ಮಹಜರು ಬರೆಯುತ್ತಿದ್ದ ಸಹೋದ್ಯೋಗಿ ಮಾರ್ಲೀನ್ ಅಂದಳು. "ಇಲ್ಲದಿದ್ದರೆ ಹೀಗೆ ಯಾರು ಗಿರಕಿ ಹೊಡೆಯುತ್ತಾರೆ?"

ಬರಿಗಾಲಿನ ಹೆಜ್ಜೆಗಳು ಒಂದು ಕಲ್ಲನ್ನು ಮೂರು ಸಲ ಸುತ್ತಿದ್ದವು. ಜೊತೆಗೇ ನೀರು ಚೆಲ್ಲಿದ ಗೆರೆ. ಚೂರುಗಳು ಹಿಮ್ಮಡಿಯ ಗುರುತಿನ ಹಿಂದೆ. ಅಲ್ಲಿಂದ ಹೆಜ್ಜೆಗಳು ನೇರ ಊರಿನ ಕಡೆ ಹೋಗಿದ್ದವು. ಸ್ವಲ್ಪ ದೂರದಲ್ಲಿ ಮಾತ್ರ ಎರಡೂ ಪಾದ ನದಿಯ ಕಡೆಗೆ ತಿರುಗಿ, ಮರಳಲ್ಲಿ ಆಳಕ್ಕೆ ಊರಿದ್ದವು.

ಈ ದೇಶಕ್ಕೆ ಬರುವ ಮೊದಲು, ಮೈಸೂರಿನಲ್ಲಿ, ತಾತ ಸತ್ತಾಗ ತ್ಯಾಗರಾಜ ನೋಡಿದ್ದ. ಮಗನಾದವನು ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಚಿತೆಗೆ ಮೂರು ಸುತ್ತು ಬರುತ್ತಾನೆ. ಬೆನ್ನ ಹಿಂದಕ್ಕೆ ಅದನ್ನು ಬಿಟ್ಟು ಒಡೆದು ಹೊರಟುಬಿಡುತ್ತಾನೆ. ತಿರುಗಿ ನೋಡಬಾರದು. ನೋಡಿದರೆ ಹೊರಟ ಜೀವ ಹೋಗಲಾರದೆ ನಿಂತುಬಿಡುತ್ತದಂತೆ.

"ಕುಡಿದಿಲ್ಲ," ಅಂದ ಕೊನೆಗೆ. "ಅವನ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಕೀ ಇರುವವರಲ್ಲಿ ಭಾರತದವರು ಯಾರು?"

"ಒಬ್ಬನೇ. ನಿತಿನ್ ಅಂತ, ನಿಮ್ಮ ಮೈಸೂರಿನ ಕಡೆಯವನೇ."

ಬಾಗಿಲು ತೆರೆದ ನಿತಿನ್‌ನ ಮುಖಕ್ಕೆ ಮಾಸ್ಕ್, ಮೇ ತಿಂಗಳಲ್ಲೂ ತಲೆಗೆ ಉಣ್ಣೆ ಟೋಪಿ.

"ಟೋಪಿ ತೆಗೀರಿ," ತ್ಯಾಗರಾಜ ಕನ್ನಡದಲ್ಲೇ ಹೇಳಿದ.

ತಾನೇ ಬೋಳಿಸಿಕೊಂಡ ತಲೆ. ಅಲ್ಲಲ್ಲಿ ಬ್ಲೇಡಿನ ಗೀರು.

"ಯಾರು ಹೋಗಿದ್ದು?"

"ಅಮ್ಮ. ಇಂದಿರಮ್ಮ ಅಂತ. ಆಕ್ಸಿಜನ್ ಸಿಗ್ಲಿಲ್ಲ ಸರ್. ಬಾಡಿನೂ ಕೊಡ್ಲಿಲ್ಲ, ಯಾರೋ ಸುಟ್ರು. ಒಬ್ನೇ ಮಗ ನಾನು. ಫ್ಲೈಟ್ ಇಲ್ಲ."

"ಅಂಗಡೀಲಿ ಮಡಕೆ ಇರ್ಲಿಲ್ವಾ?"

"ಇತ್ತು, ಹೂವಿನ ಕುಂಡ. ಅಡೀಲಿ ತೂತು, ನೀರೇ ನಿಲ್ಲಲ್ಲ." ನಿತಿನ್ ನಗಲು ಹೋಗಿ ಬಿಕ್ಕಿದ. "ಒಂದು ವರ್ಷದಿಂದ ಆ ಗಡಿಗೆ ಮುಂದೇನೇ ಕೂತಿದೀನಿ ಸರ್. ಸತ್ತೋರಿಗೆ ನೀರು ಕೊಡೋಕೇ ಅಂತ ಮಾಡಿದ್ದು. ಇನ್ಯಾವುದನ್ನ ತಗೊಳ್ಲಿ?"

"ಅದರ ಬೆಲೆ ಗೊತ್ತಿದ್ದೂ ಒಡೆದ್ರಾ?"

"ಒಡೀಲೇಬೇಕಲ್ವಾ?"

ಸಂಜೆ ಐದಕ್ಕೆ ಬಂಧನವಾಯಿತು. ವರದಿಯಲ್ಲಿ ಕಾರಣದ ಜಾಗದಲ್ಲಿ ತ್ಯಾಗರಾಜ ಬರೆದದ್ದು ಇಷ್ಟೇ: ತಾಯಿಯ ಅಂತ್ಯಕ್ರಿಯೆ.

ಠಾಣೆಗೆ ಬರುವ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಿಂದ ನಿತಿನ್ ಮುಂದಕ್ಕೆ ಬಾಗಿದ್ದ.

"ವೀಸಾ ಹೋದ್ರೆ ಹೋಗ್ಲಿ ಸರ್. ಆದ್ರೆ ನಾನು ಎಲ್ಲಾ ಸರಿಯಾಗೇ ಮಾಡ್ದೆ. ತಿರುಗಿ ನೋಡ್ಲಿಲ್ಲ. ದೇವ್ರಾಣೆ, ಒಂದ್ಸಲಾನೂ ನೋಡ್ಲಿಲ್ಲ. ಅಮ್ಮ ಹೋಗಿರ್ತಾಳೆ ಅಲ್ವಾ?"

"ಹೋಗಿರ್ತಾರೆ."

ಮರಳಿನಲ್ಲಿ ನದಿಯ ಕಡೆ ತಿರುಗಿ ನಿಂತಿದ್ದ ಆ ಎರಡು ಪಾದಗಳ ಗುರುತನ್ನು ತಾನು ಕಂಡಿದ್ದೆನೆಂದು ತ್ಯಾಗರಾಜ ಅವನಿಗೆ ಯಾವತ್ತೂ ಹೇಳಲಿಲ್ಲ.