ದೊಡ್ಡಮ್ಮ ಯಾಕೆ ನಡುಗಿದಳು?

ಅವನ ಫೋನ್ ಕಿರುಚಿಕೊಂಡಿತು. ಅವನು ಫೋನ್ ನೋಡಿದ, ನಾನು ಅವನನ್ನು ನೋಡಿದೆ, ನನ್ನ ಸೋದರತ್ತೆ ನಮ್ಮಿಬ್ಬರನ್ನೂ ದುರುಗುಟ್ಟಿಕೊಂಡು ನೋಡಿದರು.

"ನಿಲ್ಸಿ, ನಿಲ್ಸಿ! ಬೇರಿಂಗ್ ಹೋಗೋ ಸೂಚನೆ ಬಂದಿದೆ!" ಎಂದು ಕೂಗಿದ.

"ಶುರುವಾಯ್ತು ನಿನ್ನ ಭವಿಷ್ಯ!" ಎನ್ನುತ್ತಲೇ ಅತ್ತೆ ನಡುಗುತ್ತಿದ್ದ ದೊಡ್ಡಮ್ಮನ ಸ್ವಿಚ್ ಆರಿಸಿದರು.

ಅತ್ತೆಯ ಲಾಂಡ್ರಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮೆಷಿನ್‌ಗೆ ನಾವಿಟ್ಟ ಹೆಸರು ದೊಡ್ಡಮ್ಮ. ಆಸ್ಪತ್ರೆ, ಹೋಟೆಲ್‌ಗಳ ಬೆಡ್‌ಶೀಟೆಲ್ಲ ಅವಳ ಹೊಟ್ಟೆಗೇ. ಅವಳ ಪಕ್ಕೆಗೆ ಬೆಂಕಿಪೊಟ್ಟಣದಷ್ಟು ಸೆನ್ಸರ್ ಅಂಟಿಸಿದವನು ಇವನು. ನಡುಕ ಹೆಚ್ಚಾದರೆ ಅದು ಇವನ ಫೋನಿಗೆ ಸುದ್ದಿ ಮುಟ್ಟಿಸುತ್ತದೆ, ಮೆಷಿನ್ ಕೆಡುವ ಮೊದಲೇ ರಿಪೇರಿ ಮಾಡಿಕೊಳ್ಳಬಹುದು. ಹಾಗಂತ ಹೇಳಿಯೇ ಅತ್ತೆಯನ್ನು ಒಪ್ಪಿಸಿದ್ದ.

ಪ್ರತಿ ವಾರವೂ ರೀಡಿಂಗ್ ನೋಡಲು ಬರುತ್ತಿದ್ದ. "ದೊಡ್ಡಮ್ಮ ಹೇಗಿದಾರೆ?" ಎಂದು ನನ್ನನ್ನೇ ಕೇಳುತ್ತಿದ್ದ. "ನಿಮ್ಮನ್ನೇ ಕೇಳ್ತಿದ್ರು," ಎನ್ನುತ್ತಿದ್ದೆ. ನಕ್ಕು, ಹಣೆಗೆ ಬಿದ್ದ ಕೂದಲನ್ನು ಮೊಣಕೈಯಿಂದ ಸರಿಸುತ್ತಿದ್ದ. ಅಯ್ಯೋ, ಆ ಮೊಣಕೈ! ಮೊಣಕೈಯಲ್ಲಿ ಅಂಥದ್ದೇನಿದೆ ಅಂತ ಕೇಳಬೇಡಿ. ನನಗಂತೂ ಎದೆ ಝಲ್ ಎನ್ನುತ್ತಿತ್ತು.

"ನಿನ್ನ ಮಾತು ನಂಬಿ ಎರಡು ಸಲ ಬಿಚ್ಚಿ ನೋಡಿದ್ದಾಯ್ತು," ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಬೇರಿಂಗ್ ಗುಂಡುಕಲ್ಲಿನ ಹಾಗಿದೆ. ನನ್ನ ಕೆಲಸ ಹಾಳಾಗಿದ್ದೇ ಬಂತು. ಸಾಕಪ್ಪಾ, ನಿನ್ನ ಡಬ್ಬಿ ಕಿತ್ಕೊಂಡು ಹೊರಡು."

ಅವನ ಮುಖ ಸಪ್ಪಗಾಯಿತು. ಅವನ ಕೆಲಸವನ್ನು ಮೊದಲು ನಂಬಿದ್ದು ನಾವೇ. ಇಲ್ಲಿಂದ ಓಡಿಸಿದರೆ ಬೇರೆ ಯಾರು ಬಾಗಿಲು ತೆಗೆಯುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಅವನು ಇನ್ನು ಈ ಕಡೆ ಬರುವುದೇ ಇಲ್ಲ. ನನಗೆ ಅಳುವೇ ಬಂತು.

ಅವನು ಸ್ಕ್ರೂಡ್ರೈವರ್ ಹಿಡಿದು ಕುಕ್ಕರಗಾಲಲ್ಲಿ ಕೂತ. "ಬೇರೆ ದಿನ ಎಲ್ಲಾ ಸರಿಯಾಗೇ ಇದೆ ಅಮ್ಮಾ. ನಾನು ಬಂದ ದಿನ ಮಾತ್ರ ನಡುಗುತ್ತೆ. ನನ್ನ ಲೆಕ್ಕದಲ್ಲೇ ಏನೋ ತಪ್ಪಿರ್ಬೇಕು."

ಅವನು ಬಂದ ದಿನ ಮಾತ್ರ! ನನ್ನ ಕಿವಿ ಬಿಸಿಯಾಯಿತು. ದೊಡ್ಡಮ್ಮನ ಹೊಟ್ಟೆಯಲ್ಲಿ ಮೂರು ಖಾನೆಗಳಿವೆ. ಮೂರಕ್ಕೂ ಸಮನಾಗಿ ಬಟ್ಟೆ ತುಂಬಬೇಕು, ಇಲ್ಲದಿದ್ದರೆ ನೀರು ಹಿಂಡುವಾಗ ಎಗರಾಡುತ್ತಾಳೆ. ತುಂಬುವವಳು ನಾನು.

"ಕೀಳ್ಬೇಡಿ!" ಎಂದು ಕೂಗಿ ದೊಡ್ಡಮ್ಮನ ಬಾಗಿಲು ತೆರೆದೆ. ಒಂದು ಖಾನೆಯಲ್ಲಿ ಬೆಡ್‌ಶೀಟ್ ಕುತ್ತಿಗೆಮಟ್ಟ ತುರುಕಿದ್ದೆ. ಇನ್ನೊಂದರಲ್ಲಿ ಒಂದೇ ಒಂದು ದಿಂಬಿನ ಕವರ್.

"ಇದೇನೇ ಇದು? ಜ್ಞಾನ ಎಲ್ಲಿತ್ತು ನಿಂಗೆ?" ಎಂದರು ಅತ್ತೆ.

"ಇವರ ಮೇಲಿತ್ತು!" ಬಾಯಿಂದ ಬಂದೇ ಬಿಟ್ಟಿತು. ಬಂದಮೇಲೆ ಇನ್ನೇನು ಮುಚ್ಚಿಡುವುದು? ಅವನ ಕಡೆ ತಿರುಗಿದೆ. "ನಿಮ್ಮ ಡಬ್ಬಿ ಸುಳ್ಳು ಹೇಳಿಲ್ಲ, ಅದು ನಿಜವಾಗ್ಲೂ ನಡುಗಿತ್ತು. ಕಾರಣ ಬೇರಿಂಗಲ್ಲ, ನಾನು. ನೀವು ಎದುರಿಗೆ ನಿಂತ್ರೆ ಯಾವ ಖಾನೆಗೆ ಏನು ಹಾಕ್ತೀನಿ ಅಂತಾನೇ ಗೊತ್ತಾಗಲ್ಲ. ನೀವಂದ್ರೆ ನಂಗೆ ಅಷ್ಟು ಇಷ್ಟ ಕಣ್ರೀ!"

ಇಸ್ತ್ರಿ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಯಾರೋ ಕಿಸಕ್ಕನೆ ನಕ್ಕರು.

ಅತ್ತೆ ಕಣ್ಣು ಕಿರಿದು ಮಾಡಿದರು. "ಅಲ್ಲಪ್ಪಾ, ರೀಡಿಂಗೆಲ್ಲ ನಿನ್ನ ಫೋನಿಗೇ ಬರುತ್ತಲ್ವಾ? ಮನೇಲಿ ಕೂತೇ ನೋಡ್ಬಹುದಲ್ವಾ? ಮತ್ತೆ ವಾರ ವಾರ ಇಲ್ಲಿಗೆ ಏನು ನೋಡೋಕೆ ಬರ್ತಿದ್ದೆ?"

ಅವನ ಮುಖ ಕೆಂಪಾಯಿತು. ಎದ್ದು ನಿಂತು, ಮೊದಲ ಸಲ ಕದ್ದುಮುಚ್ಚಿ ಅಲ್ಲದೆ ನೇರವಾಗಿ ನನ್ನನ್ನು ನೋಡಿದ.

"ಇವರನ್ನ," ಎಂದ.

ಕುಣಿದುಬಿಡೋಣ ಎನ್ನಿಸಿತು ನನಗೆ. ಅತ್ತೆ ಅವನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡರು. "ಡಬ್ಬಿ ಇಲ್ಲೇ ಇರ್ಲಿ. ನೀನು ಮಾತ್ರ ಇನ್ಮೇಲೆ ಲಾಂಡ್ರಿಗೆ ಕಾಲಿಡ್ಬೇಡ, ದೊಡ್ಡಮ್ಮ ತಡ್ಕೊಳ್ಳಲ್ಲ. ಭಾನುವಾರ ಅಪ್ಪ ಅಮ್ಮನ್ನ ಕರ್ಕೊಂಡು ಮನೆಗೇ ಬಾ."

"ಭಾನುವಾರದವರೆಗೂ ಯಾಕಮ್ಮಾ? ನಾಳೇನೇ ಬರ್ತೀವಿ!" ಎಂದುಬಿಟ್ಟ ಅವನು.