ನರಸೀಪುರದ ದಾರಿಯ ಬಿಳಿ ಕಾರು

"ಅದನ್ನ ಮುಟ್ಟಬೇಡಿ..."

ಹಿಂದಿನ ಸೀಟಿನ ಕೆಳಗೆ ಕೈ ಹಾಕಿದ್ದ ಗೌತಮಿಯ ಮಣಿಕಟ್ಟನ್ನು ಯಾರೋ ಗಟ್ಟಿಯಾಗಿ ಹಿಡಿದರು. ಅಷ್ಟರಲ್ಲೇ ಅವಳ ಬೆರಳಿಗೆ ಏನೋ ಸಿಕ್ಕಿತ್ತು. ಮಣ್ಣಿನ ಕುಡಿಕೆಯ ಒಂದು ಚೂರು, ಅದಕ್ಕೆ ಅಂಟಿಕೊಂಡ ಕೆಂಪು ಬಟ್ಟೆಯ ತುಂಡು.

ಅವಳು ತಿರುಗಿ ನೋಡಿದಳು. ಇಷ್ಟು ಹತ್ತಿರದಲ್ಲಿ ಒಬ್ಬ ಅಪರಿಚಿತ ಗಂಡಸು! ಆ ಮುಖದ ತುಂಬ ಭಯವಿತ್ತು.

ಅವನು ಚೂರನ್ನು ಅವಳ ಕೈಯಿಂದ ಬಿಡಿಸಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ಮಣಿಕಟ್ಟು ಬಿಟ್ಟು ಹಿಂದೆ ಸರಿದ.

"ತಪ್ಪು ತಿಳ್ಕೋಬೇಡಿ. ನಾನು ಕಿರಣ್. ಕಾರು ನಂದೇ."

ಕಾರೆಂದರೆ ಅದೇನು ಹೇಳಿಕೊಳ್ಳುವಂಥ ಕಾರಲ್ಲ. ನಂಜನಗೂಡಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಬೇವಿನ ಮರದಡಿ ಧೂಳು ತಿನ್ನುತ್ತ ಮಾರಾಟಕ್ಕೆ ನಿಂತಿತ್ತು. ಒಂದು ಕಾಲದಲ್ಲಿ ಅದರ ಬಣ್ಣ ಬಿಳಿಯಾಗಿತ್ತೆಂದು ನಾವು ನಂಬಿಕೊಳ್ಳಬೇಕು. ಎಡಗಡೆಯ ಬಾಗಿಲು ಜೋರಾಗಿ ತಳ್ಳದಿದ್ದರೆ ಮುಚ್ಚಿಕೊಳ್ಳುತ್ತಿರಲಿಲ್ಲ. ಆದರೆ ಕೇಳಿದ ಬೆಲೆ ಒಂದು ಸಾಧಾರಣ ಬೈಕಿನದು. ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಗೌತಮಿಯ ಸಂಬಳಕ್ಕೆ ಅದಕ್ಕಿಂತ ಮೇಲಿನದು ಕನಸಿನ ಮಾತು.

ಅವಳು ಬಗ್ಗಿ ಮೀಟರ್ ನೋಡಿದಳು. ಎರಡು ಲಕ್ಷ ಕಿಲೋಮೀಟರ್ ದಾಟಿ ಎಷ್ಟೋ ಆಗಿತ್ತು.

"ಇಷ್ಟೊಂದು ಎಲ್ಲಿಗೆ ಓಡಿಸಿದ್ರಿ?"

"ನರಸೀಪುರಕ್ಕೆ."

"ಮತ್ತೆ?"

"ಅಲ್ಲಿಂದ ವಾಪಸ್ಸು."

ಒಳಗೆ ಒಂದು ವಾಸನೆಯಿತ್ತು. ಊದುಬತ್ತಿ, ಒದ್ದೆ ಬಟ್ಟೆ, ಬಾಡಿದ ಹೂವು... ಎಲ್ಲ ಸೇರಿದಂಥ ವಾಸನೆ. 'ಬೇಡ ಕಣೆ, ಹೊರಟುಬಿಡು' ಎಂದು ಅವಳ ಮನಸ್ಸು ಹೇಳಿತು. ಆದರೆ ಹೊರಡುವುದು ಹೇಗೆ? ತಂಗಿ ದಿವ್ಯ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಾಳೆ. ಅವಳ ಮೊದಲ ಮಗು ಆಸ್ಪತ್ರೆ ಮುಟ್ಟುವ ಮೊದಲೇ, ನಾಲೆ ಏರಿಯ ಮೇಲೆ ಕೆಟ್ಟು ನಿಂತ ಆಟೋದಲ್ಲಿ ಹೋಗಿಬಿಟ್ಟಿತ್ತು. ಈ ಸಲ ನೋವು ಶುರುವಾದಾಗ ಮನೆ ಬಾಗಿಲಲ್ಲಿ ಗಾಡಿ ಇರಲೇಬೇಕೆಂದು ಗೌತಮಿ ಹಟ ಹಿಡಿದಿದ್ದಳು.

"ದಾರೀಲಿ ಕೆಟ್ಟು ನಿಲ್ಲುತ್ತಾ?" ಎಂದು ಕೇಳಿದಳು.

"ಇದುವರೆಗೂ ನಿಂತಿಲ್ಲ. ದಾರೀಲಿ ನಿಲ್ಲೋ ಅಂಥ ಕೆಲಸ ಅಲ್ಲ ನಂದು."

"ಮತ್ಯಾಕೆ ಮಾರ್ತಿದ್ದೀರಿ?"

ಕಿರಣ್ ಬೇವಿನ ಮರದ ಕಡೆ ನೋಡಿದ. "ಸಾಕಾಗಿದೆ. ನಾಲ್ಕು ದಿನ ಓಡಿಸಿ ನೋಡಿ. ಆಮೇಲೆ ಹೇಳಿ."

ಚಿಕ್ಕಯ್ಯನಛತ್ರದ ಹತ್ತಿರದ ಅವಳ ಊರಿಗೆ ಅವನು ದಿನಾ ಸಂಜೆ ಕಾರು ತರತೊಡಗಿದ. ಡ್ರೈವಿಂಗ್ ಅವಳಿಗೆ ಗೊತ್ತಿತ್ತು. ಆ ಗಾಡಿಯ ಬುದ್ಧಿ ಗೊತ್ತಿರಲಿಲ್ಲ. ಎರಡನೇ ಗೇರು ಸುಲಭಕ್ಕೆ ಬೀಳುವುದಿಲ್ಲ, ಅದನ್ನು ಓಲೈಸಬೇಕು. ಹಂಪ್ ಕಂಡರೆ ಮೊದಲೇ ನಿಧಾನಿಸಬೇಕು.

"ಹಿಂದೆ ಬಸುರಿ ಕೂತಿದ್ದಾಳೆ ಅಂದ್ಕೊಂಡು ಓಡಿಸಿ," ಎನ್ನುತ್ತಿದ್ದ ಅವನು. ಅವಳು ತಪ್ಪು ಮಾಡಿದರೆ ಒಮ್ಮೆಯೂ ದನಿ ಎತ್ತಲಿಲ್ಲ. ಕಬ್ಬಿನ ಗದ್ದೆಯ ಬದಿಯಲ್ಲಿ ಗಾಡಿ ಆಫ್ ಆದಾಗ ಅವಳು ಪೆಚ್ಚಾಗಿ ನಕ್ಕರೆ, ಅವನೂ ಮೆಲ್ಲಗೆ ನಕ್ಕ. ಆ ನಗು ಅವಳಿಗೆ ಇಷ್ಟವಾಯಿತು. ಇಷ್ಟವಾಯಿತೆಂದರೆ ಎಷ್ಟು? ಮಾರನೆಯ ದಿನ ಗ್ರಂಥಾಲಯದ ಬಾಗಿಲು ಹಾಕುವ ಮೊದಲು ಕನ್ನಡಿ ನೋಡಿಕೊಳ್ಳುವಷ್ಟು!

ಆದರೆ ಏನೋ ಸರಿಯಿರಲಿಲ್ಲ.

ನಂಜನಗೂಡಿನ ಪೇಟೆಯಲ್ಲಿ ಆ ಕಾರು ಕಂಡರೆ ಜನ ಮುಖ ತಿರುಗಿಸುತ್ತಿದ್ದರು. ಒಬ್ಬ ಹೆಂಗಸು ಮಗುವನ್ನು ಎಳೆದುಕೊಂಡು ಒಳಗೆ ಹೋದಳು. ಹೂವಿನಂಗಡಿಯ ರುದ್ರಾಣಿಯ ಹತ್ತಿರ ಗೌತಮಿ ಕಾರಿಗೆಂದು ಒಂದು ಮೊಳ ಮಲ್ಲಿಗೆ ಕೇಳಿದಾಗ, ಅಳೆಯುತ್ತಿದ್ದ ಕೈ ಅಲ್ಲೇ ನಿಂತಿತು.

"ಆ ಗಾಡಿಗಾ? ನಾನು ಕೊಡಾಕಿಲ್ಲ ಕಣವ್ವ."

"ಯಾಕಕ್ಕಾ?"

"ನೀನು ಓಡಾಡ್ತಿರೋಳು, ನಿಂಗೊತ್ತಿಲ್ವಾ?" ರುದ್ರಾಣಿ ಹೂವನ್ನು ಬುಟ್ಟಿಗೆ ವಾಪಸ್ಸು ಹಾಕಿದಳು.

ಇನ್ನೂ ಒಂದು ವಿಷಯ ಗೌತಮಿಯ ಅವ್ವ ಚಿಕ್ಕಮಾದಮ್ಮನ ಎದೆ ಕೊರೆಯುತ್ತಿತ್ತು. ಮನೆಯಿಂದ ಹೊರಡುವಾಗ ಕಿರಣ್ ಒಮ್ಮೆಯೂ 'ಬರ್ತೀನಿ' ಎನ್ನುತ್ತಿರಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ಗೋಡೆಯ ಮೇಲಿನ ಅಪ್ಪ ಶಿವಸ್ವಾಮಿಯ ಫೋಟೋ ಕಡೆ ಒಂದು ಸಲ ನೋಡಿ, ಸುಮ್ಮನೆ ಎದ್ದು ನಡೆದುಬಿಡುತ್ತಿದ್ದ.

"ಸಾವಿನ ಮನೆಯಿಂದ ಎದ್ದೋಗೋರು ಹಂಗೋಗ್ತಾರೆ," ಎಂದಳು ಅವ್ವ. "ಬತ್ತೀನಿ ಅನ್ನಬಾರದು ಅಂತ. ನಮ್ಮನೇಲಿ ಬಸುರಿ ಅವ್ಳೆ ಕಣೆ. ನಂಗ್ಯಾಕೋ ಭಯ ಆಯ್ತದೆ."

ಗೌತಮಿ ನಕ್ಕು, ಲೋಟ ಎತ್ತಿಕೊಂಡು ಒಳಗೆ ಹೋದಳು. ಒಳಗೊಳಗೇ ಅವಳಿಗೂ ಚುಚ್ಚಿತು. 'ನಾಳೆ ಬರ್ತೀನಿ ಅಂತ ಒಂದು ಮಾತು ಹೇಳೋಕೂ ಆಗಲ್ವಾ ಇವರಿಗೆ? ಕಾರು ಮಾರಿದ ಮೇಲೆ ತಿರುಗಿಯೂ ನೋಡಲ್ವೇನೋ...'

ನಾಲ್ಕನೆಯ ದಿನ ಬೆಳಿಗ್ಗೆ, ಹಿಂದಿನ ಸಂಜೆ ಕಿರಣ್ ಬಿಟ್ಟುಹೋಗಿದ್ದ ಕಾರನ್ನು ಅವಳೇ ಓಡಿಸಿಕೊಂಡು ದಿವ್ಯಳನ್ನು ತಪಾಸಣೆಗೆ ನಂಜನಗೂಡಿಗೆ ಕರೆದೊಯ್ದಳು. ಹೊಟ್ಟೆಯ ಮೇಲೆ ಕೈಯಿಟ್ಟು ಹಿಂದೆ ಕೂತ ದಿವ್ಯ, ಬಸ್ಸಿಗಿಂತ ಎಷ್ಟೋ ವಾಸಿ ಎಂದಳು. ಆಯಿತು, ತೆಗೆದುಕೊಳ್ಳುವುದೇ ಎಂದು ಗೌತಮಿ ನಿರ್ಧರಿಸಿದಳು.

ತಂಗಿಯನ್ನು ಮನೆಗೆ ಬಿಟ್ಟು, ಮಧ್ಯಾಹ್ನ ಹಾಗೆಂದು ಹೇಳಿದಾಗ ಕಿರಣನ ಮುಖ ಅರಳಲಿಲ್ಲ.

"ಮೊದಲು ನಿಮ್ಮನ್ನ ಒಂದು ಕಡೆ ಕರ್ಕೊಂಡು ಹೋಗ್ಬೇಕು. ನೋಡಿ. ಆಮೇಲೆ ತಗೊಳ್ಳೋದು ಬಿಡೋದು ನಿಮ್ಮಿಷ್ಟ," ಎಂದ.

ಕಾರು ನರಸೀಪುರದ ದಾರಿ ಹಿಡಿಯಿತು. ಮೋಡ ಕವಿದ ಮಧ್ಯಾಹ್ನ, ಗಾಳಿಯೇ ಇರಲಿಲ್ಲ. ಸ್ಟೀರಿಂಗ್ ಕಿರಣನ ಕೈಯಲ್ಲಿತ್ತು. ತಿರುವುಗಳಲ್ಲಿ ಕಾರು ತನ್ನಷ್ಟಕ್ಕೆ ತಾನೇ ದಾರಿ ಬಲ್ಲ ಎತ್ತಿನ ಹಾಗೆ ತಿರುಗುತ್ತಿತ್ತು.

ಸಂಗಮದ ಹತ್ತಿರ ಗಾಡಿ ನಿಂತಿತು. ಕಪಿಲೆ ಕಾವೇರಿ ಕೂಡುವ ಕಡೆ ನೀರು ಕಪ್ಪಗೆ, ಸದ್ದಿಲ್ಲದೆ ಹರಿಯುತ್ತಿತ್ತು. ಮೆಟ್ಟಿಲ ಮೇಲೆ ತಲೆ ಬೋಳಿಸಿಕೊಂಡ ಇಬ್ಬರು ಗಂಡಸರು ಒದ್ದೆ ಪಂಚೆಯಲ್ಲಿ ನಿಂತಿದ್ದರು.

ಕಿರಣ್ ಬಾಯಿ ತೆರೆಯುವ ಮೊದಲೇ ಹರಿಗೋಲು ನಡೆಸುವ ನಿಂಗರಾಜು ಕಾರು ಗುರುತಿಸಿ ಹತ್ತಿರ ಬಂದ. ಅವಳು ಕೂತಿದ್ದ ಕಡೆಯ ಕಿಟಕಿಗೆ ಬಗ್ಗಿ, ಬಹಳ ಮೃದುವಾಗಿ ಕೇಳಿದ.

"ಅಳಬೇಡ ಕಣವ್ವ. ಯಾರು ಓಗಿದ್ದು? ಕುಡಿಕೆ ಎಲ್ಲಿ ಮಡಗಿದ್ದೀಯಾ, ಇಂದ್ಲ ಸೀಟ್ನಲ್ಲಾ?"

ಗೌತಮಿ ಹಿಂದಿನ ಸೀಟಿನ ಕಡೆ ತಿರುಗಿದಳು.

ಕುಡಿಕೆ... ಕೆಂಪು ಬಟ್ಟೆ... ಸತ್ತವರ ಬೂದಿ ತುಂಬಿ, ಬಾಯಿ ಕಟ್ಟಿದ ಕುಡಿಕೆ! ಎರಡು ಲಕ್ಷ ಕಿಲೋಮೀಟರೂ ಅದೇ. ನಂಜನಗೂಡಿನಿಂದ ಸಂಗಮಕ್ಕೆ, ಸಂಗಮದಿಂದ ನಂಜನಗೂಡಿಗೆ. ಆ ಹಿಂದಿನ ಸೀಟಿನಲ್ಲೇ ಇವತ್ತು ಬೆಳಿಗ್ಗೆ ದಿವ್ಯ ಕೂತಿದ್ದಳು.

ಅವಳು ಬಾಗಿಲು ತಳ್ಳಿಕೊಂಡು ಇಳಿದಳು.

"ನನ್ನ ತಂಗೀನ ಕೂರಿಸಿಬಿಟ್ಟೆನಲ್ರೀ ಇದ್ರಲ್ಲಿ. ಒಂದು ಮಗು ಕಳ್ಕೊಂಡಿರೋಳು ಅವಳು. ನಿಮಗೆ ಗೊತ್ತಿತ್ತು."

"ಗೌತಮಿ, ಹೇಳ್ಬೇಕು ಅಂತಲೇ ಇಲ್ಲಿಗೆ..."

"ಇಷ್ಟು ದಿನ ಬಾಯಿ ಇರ್ಲಿಲ್ವಾ? ಬೇರೆ ಯಾರೂ ತಗೊಳ್ಳಲ್ಲ ಅಂತ ನನ್ನ ತಲೆಗೆ ಕಟ್ಟೋಕೆ ಹೊರಟ್ರಾ?"

"ಇನ್ನೂ ಒಂದು ವಿಷ್ಯ ಇದೆ. ಅದನ್ನ ಕೇಳಿ ಹೋಗಿ..."

ಅವಳು ಕೇಳಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ತಿರುಗಿ ನೋಡದೆ ನಡೆದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅತ್ತಳು. ಮೋಸ ಹೋದೆನೆಂಬ ಸಿಟ್ಟು ಒಂದು ಕಡೆ. ಅವನನ್ನು ಇನ್ನು ನೋಡುವಂತಿಲ್ಲವಲ್ಲ ಎಂಬ ಸಂಕಟ ಅದಕ್ಕಿಂತ ಹೆಚ್ಚಾಗಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ಎಲ್ಲವನ್ನೂ ಹೇಳಿದಾಗ ಅವ್ವ ಕೂಗಾಡುತ್ತಾಳೆ ಎಂದುಕೊಂಡಿದ್ದಳು. ಚಿಕ್ಕಮಾದಮ್ಮ ಗೋಡೆಗೊರಗಿ ನಿಧಾನವಾಗಿ ಕೂತಳು.

"ಕೊರೋನಾದಾಗೂ ಓಡಿಸ್ತಿದ್ನಾ ಅವ್ನು?"

"ಗೊತ್ತಿಲ್ಲವ್ವ. ಯಾಕೆ?"

ಆ ದಿನಗಳ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಪ್ಪ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಇವರು ಮೂವರೂ ಜ್ವರದಲ್ಲಿ ಒಳಗೇ ಇದ್ದರು. ಬಾಗಿಲಿಗೆ ಅಡ್ಡ ಪಟ್ಟಿ ಕಟ್ಟಿದ್ದರು. ಸುಟ್ಟವರು ಯಾರೋ, ಬೂದಿ ಎತ್ತಿದವರು ಯಾರೋ. ಅಪ್ಪ ದಿಕ್ಕಿಲ್ಲದವರ ಹಾಗೆ ಹೋದರೆಂಬ ಕೊರಗು ಗೌತಮಿಯನ್ನು ಇನ್ನೂ ಬಿಟ್ಟಿರಲಿಲ್ಲ.

"ಆವತ್ತು ಒಬ್ಬ ಉಡುಗ ಫೋನ್ ಮಾಡಿದ್ದ," ಎಂದಳು ಅವ್ವ. "'ಅಮ್ಮನೋರೆ, ಸಂಗಮದಲ್ಲಿ ಬಿಟ್ಟು ಬಂದೆ, ಕಾಗೆ ಬಂದು ಎಡೆ ಮುಟ್ತು, ಸಮಾಧಾನ ಮಾಡ್ಕೊಳಿ' ಅಂದ. ನಂಜನಗೂಡೋನು ಅಂದ, ಹೆಸರು ಹೇಳ್ನಿಲ್ಲ. ಈ ಕಿರಣನ ದನಿ ಎಲ್ಲೋ ಕೇಳ್ದಂಗದಲ್ಲ ಅಂತ ನಾಕು ದಿನದಿಂದ ಒದ್ದಾಡ್ತಾ ಇವ್ನಿ. ಅವನೇ ಕಣೆ. ಅದ್ಕೇ ಈ ಮನೇಲಿ ಬತ್ತೀನಿ ಅನ್ನಕ್ಕೆ ಅವನಿಗೆ ಬಾಯಿ ಬರ್ನಿಲ್ಲ."

ಗೌತಮಿ ಗೋಡೆಯ ಮೇಲಿನ ಫೋಟೋ ಕಡೆ ನೋಡಿದಳು. ಒಳಗಿನ ಕೋಣೆಯ ಬಾಗಿಲಲ್ಲಿ ದಿವ್ಯ ಸೊಂಟಕ್ಕೆ ಕೈ ಕೊಟ್ಟು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

"ಅಕ್ಕ, ನನ್ನ ಮಗು ಹೋಗಿದ್ದು ಗಾಡಿ ಕೆಟ್ಟು ನಿಂತಿದ್ದಕ್ಕೆ," ಎಂದಳು ದಿವ್ಯ. "ಆ ಕಾರು ಯಾರನ್ನೂ ದಾರೀಲಿ ಬಿಟ್ಟಿಲ್ಲ ಅಂತೀಯಲ್ಲ. ನಾನು ಅದ್ರಲ್ಲೇ ಹೋಗ್ತೀನಿ. ನಂಗೂ ಹೆದರಿಕೆ ಇದೆ... ಆದ್ರೂ ಅದ್ರಲ್ಲೇ ಹೋಗ್ತೀನಿ."

ಗೌತಮಿ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್.

ಮರುದಿನ ಮೊದಲ ಬಸ್ಸಿಗೇ ನಂಜನಗೂಡಿಗೆ ಹೋದಳು. ಬೇವಿನ ಮರದಡಿ ಕಾರಿರಲಿಲ್ಲ. ಎಣ್ಣೆ ಬಿದ್ದು ಕಪ್ಪಾದ ನೆಲ ಮಾತ್ರ ಇತ್ತು.

"ಆ ಕಾರಾ? ಮೈಸೂರು ರಸ್ತೆಯ ಗುಜರಿಗೆ ಹಾಕ್ತೀನಿ ಅಂತ ಈಗಷ್ಟೇ ತಗೊಂಡೋದ," ಎಂದಳು ಎದುರು ಮನೆಯವಳು. "ಒಳ್ಳೇದಾಯ್ತು ಬಿಡಿ. ಬೀದಿಗೆ ಹಿಡಿದ ಪೀಡೆ ತೊಲಗ್ತು."

ಗೌತಮಿ ಆಟೋ ಹಿಡಿದಳು. ಗುಜರಿ ಅಂಗಡಿ ಮುಟ್ಟುವವರೆಗೂ ಆಟೋದವನನ್ನು ಅವಸರಪಡಿಸುತ್ತಲೇ ಇದ್ದಳು. 'ಬಿಚ್ಚಿ ಹಾಕಿಬಿಟ್ಟಿದ್ದರೆ? ಅವರು ಊರನ್ನೇ ಬಿಟ್ಟು ಹೊರಟುಬಿಟ್ಟಿದ್ದರೆ?'

ಕಾರಿನ ಬಾನೆಟ್ ಎತ್ತಿತ್ತು. ಗುಜರಿಯವನು ಬ್ಯಾಟರಿ ಬಿಚ್ಚಿ ಕೆಳಗಿಟ್ಟು, ಚಕ್ರಕ್ಕೆ ಜಾಕ್ ಕೊಡುತ್ತಿದ್ದ. ಕಿರಣ್ ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

"ನಿಲ್ಲಿಸಿ ಅಣ್ಣ," ಎಂದಳು ಗೌತಮಿ. "ಆ ಕಾರು ನಾನು ತಗೊಂಡಾಗಿದೆ."

ಕಿರಣ್ ತಿರುಗಿದ. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣುಗಳು.

"ಬೇಡ ಗೌತಮಿ. ನಿಮ್ಮ ತಂಗಿಗೆ ಏನಾದ್ರೂ ಆದ್ರೆ ಈ ಕಾರಿಂದ ಅಂತಾರೆ. ನಿಮಗೂ ಹಂಗೇ ಅನ್ಸುತ್ತೆ. ಅದನ್ನ ನಾನು ತಡ್ಕೊಳ್ಳಲ್ಲ."

"ನಮ್ಮಪ್ಪನ್ನ ಕರ್ಕೊಂಡು ಹೋಗಿದ್ದು ನೀವೇನಾ?"

ಅವನು ತಲೆ ತಗ್ಗಿಸಿದ.

"ಫೋಟೋ ಕೆಳಗಿನ ಹೆಸರು ಓದಿದಾಗ ಗೊತ್ತಾಯ್ತು. ಹೇಳಿದ್ರೆ ಋಣ ಅಂದ್ಕೊಂಡು ಕಾರು ತಗೋತೀರಿ, ಹೇಳ್ದಿದ್ರೆ ಮೋಸ. ಏನ್ಮಾಡ್ಲಿ ಅಂತ ತಿಳೀಲಿಲ್ಲ. ಆಮೇಲೆ... ಎಲ್ಲ ಹೇಳಿಬಿಟ್ರೆ ನೀವು ಇನ್ನು ಸಿಗಲ್ಲ ಅನ್ನೋ ಭಯ."

"ಅಪ್ಪನ್ನ ಹೇಗೆ ಬಿಟ್ರಿ? ನಂಗೆ ಹೇಳಿ. ಇಷ್ಟು ವರ್ಷ ಕೇಳೋಕೆ ಯಾರೂ ಇರ್ಲಿಲ್ಲ."

ಕಿರಣ್ ಎತ್ತಿದ್ದ ಬಾನೆಟ್ಟಿನ ಮೇಲೆ ಕೈಯಿಟ್ಟ.

"ನೀರಿಗೆ ಇಳಿದೆ. ಬಿಡೋವಾಗ ಒಂದ್ಸಲ ಕೂಗಬೇಕು ಅಂದ ನಿಂಗರಾಜಣ್ಣ. ಅವರ ಹೆಸರು ಗೊತ್ತಿತ್ತು. ಆದ್ರೆ ಅಷ್ಟು ದೊಡ್ಡೋರನ್ನ ಹೆಸರು ಹಿಡಿದು ಹೇಗೆ ಕೂಗೋದು? ನನ್ನ ಬಾಯಿಗೆ ಬರ್ಲಿಲ್ಲ."

"ಮತ್ತೆ?"

"ಅಪ್ಪಾ ಅಂತ ಕೂಗಿದೆ."

ಗೌತಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ಎದೆಯಲ್ಲಿ ಕಟ್ಟಿದ್ದ ಅಳು ಗುಜರಿಯ ಕಬ್ಬಿಣದ ರಾಶಿಯ ನಡುವೆ ಒಡೆದು ಬಂತು. ಅವನು ಹತ್ತಿರ ಬಂದ. ಮುಟ್ಟಲೋ ಬೇಡವೋ ಎಂದು ಅನುಮಾನಿಸುತ್ತ ನಿಂತ. ಅವಳೇ ಅವನ ಕೈ ಹಿಡಿದುಕೊಂಡಳು.

"ದಿವ್ಯಂಗೆ ಇನ್ನು ಜಾಸ್ತಿ ದಿನ ಇಲ್ಲ. ಗಾಡಿ ನಮ್ಮ ಬಾಗಿಲಲ್ಲಿರ್ಲಿ," ಎಂದಳು.

"ಸರಿ. ಬಿಟ್ಟು, ಬಸ್ಸಿಗೆ ವಾಪಸ್ಸು ಹೋಗ್ತೀನಿ."

"ಓಡಿಸೋರೂ ಅಲ್ಲೇ ಇರ್ಬೇಕು."

ಅವನು ಅವಳ ಮುಖ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ನಿಮ್ಮನ್ನ ಬಿಟ್ಟು ಇರೋಕೆ ನಂಗಾಗಲ್ಲ ಕಿರಣ್. ನಿನ್ನೆ ಬಸ್ಸಲ್ಲೇ ಗೊತ್ತಾಯ್ತು."

"ನಂಗೂ ಆಗಲ್ಲ. ಆದ್ರೆ ಊರವರು ಏನಂತಾರೆ ಯೋಚ್ನೆ ಮಾಡಿದ್ದೀರಾ? ಬೂದಿ ಗಾಡಿಯೋನು ಅಂತಾರೆ."

"ಅಪ್ಪಾ ಅಂತ ಕೂಗಿ ಕಳಿಸಿದೋರೇ ಆ ಮನೆ ಅಳಿಯ ಆದ್ರು ಅಂತಾರೆ. ಅನ್ಲಿ ಬಿಡಿ."

ಕಿರಣ್ ಕೆಳಗಿಟ್ಟಿದ್ದ ಬ್ಯಾಟರಿಯ ಕಡೆ ನೋಡಿದ.

"ಬ್ಯಾಟರಿ ವಾಪಸ್ಸು ಹಾಕಿಸ್ಲಾ?"

"ಹಾಕಿಸಿ," ಎಂದಳು ಗೌತಮಿ ಕಣ್ಣೊರೆಸಿಕೊಂಡು. "ಅವ್ವ ಕಾಯ್ತಿದ್ದಾಳೆ."