ನಲವತ್ತೇಳನೆಯ ಜೇಬು

ದಿನಾಂಕ 8-2-2012, ಬುಧವಾರ, ಸಂಜೆ 4.40. ಬಸ್ರೂರಿನ ಚಂದಯ್ಯ, ವಯಸ್ಸು ಅರವತ್ತಾರು, ಗೂಡಂಗಡಿ ವ್ಯಾಪಾರ, ಕುಂದಾಪುರದ ಠಾಣೆಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಹೆಡ್ ಕಾನ್‌ಸ್ಟೇಬಲ್ ಪಾಂಡು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಎಂತ ಹೋಯ್ತ್?" ಪಾಂಡು ಕೇಳಿದರು.

"ಆಲ್ಬಂ."

"ಮದಿ ಫೋಟೋ ಆಲ್ಬಮ್ಮಾ?"

"ಅಲ್ಲ ಮಾರಾಯ್ರೆ. ಬೇಸ್‌ಬಾಲ್ ಆಡುವವ್ರದ್ದ್."

ಪಾಂಡು ಪೆನ್ನು ಕೆಳಗಿಟ್ಟರು. ಒಳಕೋಣೆಯಿಂದ ಸಬ್ ಇನ್ಸ್‌ಪೆಕ್ಟರ್ ವನಜ ಹೊರಗೆ ಬಂದರು. ಬೈಂದೂರಿನವರು, ಈ ಠಾಣೆಗೆ ಬಂದು ಏಳು ತಿಂಗಳಾಗಿತ್ತು. ಪೆನ್ನನ್ನು ಎತ್ತಿ ಪಾಂಡುವಿನ ಕೈಗೆ ಕೊಟ್ಟು, "ಮೊದಲಿನಿಂದ ಹೇಳಿ ಅಜ್ಜ" ಎಂದರು.

ಚಂದಯ್ಯ ಹೇಳಿದರು. ಅವರು ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವರು. 1973ರ ಬೇಸಗೆಯಲ್ಲಿ ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ ಹಡಗಿನ ಎಂಜಿನ್ ಕೆಟ್ಟು ಇಪ್ಪತ್ತಾರು ದಿನ ನಿಲ್ಲಬೇಕಾಯಿತು. ಸಂಜೆ ಹೊತ್ತು ಬಂದರಿನ ಕೂಲಿಗಳು ಗೋದಾಮಿನ ಹಿಂದೆ ಬೇಸ್‌ಬಾಲ್ ಆಡುತ್ತಿದ್ದರು. ಹಡಗಿನವರನ್ನೂ ಕರೆದು ಕಲಿಸಿದರು. ಚ್ಯೂಯಿಂಗ್ ಗಮ್ ಪೊಟ್ಟಣ ಒಡೆದರೆ ಒಳಗೆ ಆಟಗಾರರ ಕಾರ್ಡು. ಎದುರು ಚಿತ್ರ, ಹಿಂದೆ ಅವರ ಆಯುಷ್ಯದ ಆಟವೆಲ್ಲ ಅಂಕಿಯಲ್ಲಿ. ಆ ಕಾರ್ಡುಗಳನ್ನು ಒಂದೊಂದು ಪ್ಲಾಸ್ಟಿಕ್ ಜೇಬಿನಲ್ಲಿ ಇಟ್ಟಿದ್ದ ಆಲ್ಬಂ ಈಗ ಇಲ್ಲ.

1997ರಿಂದ ಪ್ರತಿ ಫೆಬ್ರುವರಿಯ ಒಂದು ಭಾನುವಾರ, ಕೊಯ್ಲಾದ ಗದ್ದೆಯಲ್ಲಿ ನಾಲ್ಕು ಗೋಣಿಚೀಲ ಹಾಸಿ, ಹಲಸಿನ ಮರದ ದಾಂಡು, ಬಲೆಯ ನೂಲು ಸುತ್ತಿದ ಚೆಂಡು ಹಿಡಿದು ಬಸ್ರೂರಿನವರು ಈ ಆಟ ಆಡುತ್ತಾರೆ. ಆಟಕ್ಕೆ ಮುಂಚೆ ಕಾರ್ಡುಗಳನ್ನು ಗೆರಸಿಯೆಂಬ ಮೊರದಲ್ಲಿ ಬೋರಲಾಗಿ ಹರಡುತ್ತಾರೆ. ಹದಿನೆಂಟು ಜನ ಒಂದೊಂದು ಎತ್ತಬೇಕು. ಯಾರ ಕಾರ್ಡು ಬಂತೋ ಇಡೀ ವರ್ಷ ಊರಲ್ಲಿ ಅದೇ ಹೆಸರು.

"ಬಪ್ಪ ಆಯ್ತಾರ ಆಟ ಇತ್ತ್ ಮೇಡಂ. ಆಲ್ಬಂ ಇಲ್ದೆ ಹೆಸ್ರ್ ತೆಗುಕಾತಿಲ್ಲ. ಹೆಸ್ರಿಲ್ದೆ ಆಟ ಇಲ್ಲ."

"ಈ ವರ್ಷ ಹಳೆ ಹೆಸರಲ್ಲೇ ಆಡಿ."

"ಗುಲಾಬಿ ಒಪ್ಪುದಿಲ್ಲ. ಹೋದ್ ವರ್ಷ ಅವ್ಳಿಗೆ ಯೋಗಿ ಬೆರಾ ಬಂದಿತ್ತ್. ಮೀನ್ ಮಾರುವವ್ಳಿಗೆ ಯೋಗಿ ಯೋಗಿ ಅಂದೇಳಿ ಗಿರಾಕಿಗಳ್ ನೆಗಾಡ್ತ್ರ್."

ಕಲಂ 379ರ ಅಡಿ ಎಫ್.ಐ.ಆರ್. ದಾಖಲಾಯಿತು. ಕಳವಾದ ಸ್ವತ್ತಿನ ವಿವರ ಬೇಕು ಎಂದಾಗ ಚಂದಯ್ಯ ಕಣ್ಣು ಮುಚ್ಚಿ ಶುರುಮಾಡಿದರು. ಹೆಸರು, ತಂಡ, ಹಿಂದಿನ ಅಂಕಿ. ಪಾಂಡು ಬರೆದರು. ಆರೂವರೆಗೆ ಹಾಳೆ ಬದಲಿಸಿದರು.

"ಹನ್ನೆರಡು. ವಿಲ್ಲಿ ಮೇಸ್. ಹೋಮ್ ರನ್ ಆರ್‌ನೂರ ಐವತ್ನಾಲ್ಕ್. ಕಾರ್ಡ್ ಬಂದ್ ಮೇಲೆ ಮತ್ತೆ ಆರ್ ಹೊಡ್ದ."

"ಆ ಆರನ್ನೂ ಬರೀಕಾ?"

"ಹೊಡ್ದದ್ದ್ ಹೌದಲ್ದಾ?"

ಪಾಂಡು ಬರೆದರು. ನಲವತ್ತಾರಾದ ಮೇಲೆ ಚಂದಯ್ಯ "ನಲವತ್ತೇಳ್. ಖಾಲಿ" ಎಂದು ಮುಂದೆ ಹೋದರು.

"ಮೇಡಂ, ಖಾಲಿ ಜೇಬು ಕಳವಾಯ್ತ್ ಅಂದೇಳಿ ಹ್ಯಾಂಗ್ ಬರೂದ್?"

"ಅವರು ಹೇಳಿದ ಹಾಗೆ ಬರಿ" ಎಂದರು ವನಜ.

ಏಳೂಕಾಲಕ್ಕೆ ಪಟ್ಟಿ ಮುಗಿಯಿತು. ಕಾರ್ಡು ಒಟ್ಟು ನೂರ ಹನ್ನೆರಡು. ಖಾಲಿ ಜೇಬು ಒಂದು.

ಮರುದಿನ ಗುರುವಾರ ಬೆಳಿಗ್ಗೆ 9.30ಕ್ಕೆ ಬಸ್ರೂರಿನ ಗೂಡಂಗಡಿಯಲ್ಲಿ ಸ್ಥಳ ಮಹಜರು ನಡೆಯಿತು. ಟೈಲರ್ ಪದ್ದು ಮತ್ತು ಇನ್ನೊಬ್ಬರು ಪಂಚರು. ಆಲ್ಬಂ ಇದ್ದದ್ದು ಕಪಾಟಿನ ಬಿಸ್ಕತ್ ಡಬ್ಬಿಯಲ್ಲಿ. ಡಬ್ಬಿ ಇದೆ, ಮುಚ್ಚಳ ಸರಿಯಾಗಿ ಹಾಕಿದೆ. ಗಲ್ಲಾಪೆಟ್ಟಿಗೆ, ರೇಡಿಯೋ, ಬಾಳೆಗೊನೆ ಯಾವುದನ್ನೂ ಮುಟ್ಟಿಲ್ಲ. ಬುಧವಾರ ಮಧ್ಯಾಹ್ನ ಒಂದೂವರೆಯಿಂದ ಚಂದಯ್ಯ ಅಂಗಡಿಯ ಹಿಂದೆ ಚಾಪೆ ಹಾಕಿ ಮಲಗಿದ್ದರು. ಅದು ನಿತ್ಯದ ರೂಢಿ. ಗಿರಾಕಿಗಳು ಬೇಕಾದ್ದು ತೆಗೆದುಕೊಂಡು ದುಡ್ಡನ್ನು ಅಲ್ಲೇ ಇಟ್ಟು ಹೋಗುತ್ತಾರೆ. ಪಾಂಡು ಟೇಪು ಹಿಡಿದು ಕಪಾಟಿನಿಂದ ರಸ್ತೆಯವರೆಗೆ ಅಳೆಯುತ್ತಿದ್ದಾಗ ಎದುರಿನ ಕಟ್ಟೆಯಿಂದ ಕೂಗು ಬಂತು.

"ಹ್ವಾಯ್ ಪಾಂಡಣ್ಣ, ಎಂತ ಅಳೀತ್ರಿ? ಕಳ್ಳ ಹೋಯಿ ಒಂದ್ ದಿನ ಆಯ್ತ್!"

ಮೀನಿನ ಬುಟ್ಟಿಯ ಹಿಂದೆ ಗುಲಾಬಿ ಕೂತಿದ್ದರು. ವಯಸ್ಸು ನಲವತ್ತೆಂಟು. ವನಜ ಅವರ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತರು.

"ನಿನ್ನೆ ಮಧ್ಯಾಹ್ನ ಯಾರನ್ನು ಕಂಡ್ರಿ, ಗುಲಾಬಿಯಕ್ಕ?"

"ಒಬ್ಬ್ರ್ ಅಜ್ಜ. ಬೆಳಿ ಅಂಗಿ, ಕೈಯಲ್ಲೊಂದ್ ಚೀಲ. ಈ ಊರವ್ರಲ್ಲ. ಬೆಂಚಲ್ಲಿ ಕೂಕಂಡಿದ್ರ್. ನಾ ಕಂಡದ್ದ್ ಅಷ್ಟೇ. ಮತ್ತೆ ಕಾಕಿ ಬಂತ್."

"ಕಾಗೆ?"

"ಬಂಗ್ಡೆ ಎತ್ತುಕೆ. ಅಜ್ಜ ಅಲ್ಲಿಂದ್ಲೇ ಕಲ್ಲ್ ಹೆಕ್ಕಿ, ಎಡಗಾಲ್ ಎದಿಗೆ ತಾಗುವಷ್ಟ್ ಎತ್ತಿ ಒಂದ್ ಒಗೆದ್ರ್ ಕಾಣಿ! ಕಾಕಿಗೆ ತಾಗ್ಲಿಲ್ಲ, ಲೈಟ್ ಕಂಬಕ್ಕೆ ತಾಗಿ ಟಣ್ ಅಂತ್."

"ಹೇಗೆ ಎಸೆದ್ರು? ತೋರ್ಸಿ."

ಗುಲಾಬಿ ಸೆರಗು ಸಿಕ್ಕಿಸಿಕೊಂಡು ರಸ್ತೆಗಿಳಿದರು. ಒಂದು ಕಲ್ಲು ಆರಿಸಿ, ಎಡ ಮೊಣಕಾಲನ್ನು ಎದೆಯವರೆಗೆ ಎತ್ತಿ, ಒಂದು ಗಳಿಗೆ ಒಂಟಿಕಾಲಲ್ಲಿ ನಿಂತು ಎಸೆದರು. ಕಂಬ ಟಣ್ ಎಂದಿತು.

"ಮರಿಷಾಲ್ ಎಸೆತ!" ಪದ್ದು ತಾನು ಪಂಚನೆಂಬುದನ್ನು ಮರೆತು ಚಪ್ಪಾಳೆ ತಟ್ಟಿದ. "ಆಲ್ಬಮ್ಮಿನ ಹುವಾನ್ ಮರಿಷಾಲ್ ಹಾಂಗೇ ಕಾಲ್ ಎತ್ತುದ್, ಮೇಡಂ."

"ಈ ಎಸೆತ ಎಷ್ಟು ಜನರಿಗೆ ಬರ್ತದೆ?"

"ಊರಲ್ಲಿ ಮೂರೇ ಜನ. ನಂಗೆ, ಗುಲಾಬಿಯಕ್ಕಂಗೆ, ಚಂದಯ್ಯಣ್ಣಂಗೆ. ಉಳ್ದವ್ರ್ ಬಿದ್ದ್ ಹೋತ್ರ್."

ವನಜ ಅಂಗಡಿಯತ್ತ ತಿರುಗಿದರು. ಚಂದಯ್ಯ ಸರಿಯಾಗಿಯೇ ಇದ್ದ ಬಾಳೆಗೊನೆಯನ್ನು ಸರಿ ಮಾಡುತ್ತಿದ್ದರು.

"ಬಾಲ್ಟಿಮೋರಿನಲ್ಲಿ ನಿಮ್ಮ ಜೊತೆ ಯಾರಿದ್ರು?"

"ಸುಮಾರ್ ಜನ."

"ಕಾಲೆತ್ತಿ ಎಸೆಯಲು ಕಲಿತವರು?"

ಚಂದಯ್ಯ ಗೊನೆಯನ್ನು ಇನ್ನೊಂದು ಬದಿಗೆ ತಿರುಗಿಸಿದರು.

"ನಲವತ್ತೇಳನೆಯ ಜೇಬಿನಲ್ಲಿ ಯಾರಿದ್ರು ಅಜ್ಜ?"

ಗೊನೆಯ ಮೇಲಿನ ಕೈ ನಿಂತಿತು.

"ಕ್ಲೆಮೆಂಟೆ. ರಾಬರ್ಟೊ ಕ್ಲೆಮೆಂಟೆ. ಮೂರ್ ಸಾವಿರ ಹೊಡೆತ, ಒಂದ್ ಹೆಚ್ಚಿಲ್ಲ, ಒಂದ್ ಕಮ್ಮಿ ಇಲ್ಲ. ವಾಪಸ್ ಬಪ್ಪತಿಗೆ ಹಡಗಲ್ಲೇ ಕಾರ್ಡ್ ಕಾಣೆ ಆಯ್ತ್. ಜತೆಲಿದ್ದ ಮುತ್ತ ತೆಗ್ದದ್ದ್. ಎಲ್ಲರ ಎದುರು ಕಳ್ಳ ಅಂದೆ. ಅವ ಹೌದು ಅನ್ಲಿಲ್ಲ, ಅಲ್ಲ ಅನ್ಲಿಲ್ಲ. ಬೊಂಬಾಯಲ್ಲಿ ಇಳ್ದ್ ಹೋದ. ಆವತ್ತಿಂದ ಮಾತಿಲ್ಲ."

"ಮೂವತ್ತೆಂಟು ವರ್ಷ. ಈಗ ಎಲ್ಲಿದ್ದಾರೆ?"

"ನಂಗೆಂತ ಗೊತ್ತ್! ಬ್ರಹ್ಮಾವರದಲ್ಲಿ. ಆಕಾಶವಾಣಿ ಹತ್ರ ಇಳ್ದ್ ಬಲಕ್ಕೆ ಹೋಯ್ಕ್. ಹಂಚಿನ ಮನಿ, ಅಂಗಳದಲ್ಲಿ ಬಿಂಬುಳಿ ಮರ. ಹೋದ್ ವರ್ಷ ಬಲಗಣ್ಣಿನ ಪೊರೆ ತೆಗ್ಸಿದ. ಸಕ್ರಿ ಕಾಯಿಲೆ ಇತ್ತ್, ಆದ್ರೂ ಚಾಯಕ್ಕೆ ಎರಡ್ ಚಮ್ಚ ಸಕ್ರಿ ಹಾಕಂತ."

"ಮಾತಿಲ್ಲದೆ ಇಷ್ಟೆಲ್ಲ ಗೊತ್ತಾ?"

"ನಾ ಯಾರತ್ರೂ ಕೇಂಬುಕ್ ಹೋಯ್ಲಿಲ್ಲ. ಜನ ಹೇಳ್ತ್ರ್" ಎಂದು ಚಂದಯ್ಯ ಕಪಾಟು ಒರೆಸತೊಡಗಿದರು.

ಶುಕ್ರವಾರ, 10-2-2012, ಬೆಳಿಗ್ಗೆ 7.10. ಬಿಂಬುಳಿ ಮರದ ಕೆಳಗೆ ಜೀಪು ನಿಂತಾಗ ಮುತ್ತ ಜಗಲಿಯಲ್ಲೇ ಇದ್ದರು. ಗಡ್ಡ ಬೋಳಿಸಿ, ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಪಕ್ಕದಲ್ಲಿ ಚೀಲ ಇಟ್ಟುಕೊಂಡಿದ್ದರು.

"ನಿನ್ನೆಯೇ ಬತ್ರಿ ಅಂದೇಳಿ ಮಾಡಿದ್ದೆ" ಎಂದರು.

"ಆಲ್ಬಂ ಎಲ್ಲಿ?"

ಚೀಲದಿಂದ ಟವೆಲ್ ಸುತ್ತಿದ ಕಟ್ಟು ಹೊರಬಂತು.

"ಬುಧವಾರ ಬಸ್ರೂರಿಗೆ ಯಾಕೆ ಹೋದ್ರಿ?"

"ಕೊಡುಕೆ."

"ಕೊಡಲು ಹೋದವರು ತಂದದ್ದು ಹೇಗೆ?"

ಮುತ್ತ ಅಂಗಿಯ ಕಿಸೆಯನ್ನು ಮುಟ್ಟಿ ನೋಡಿಕೊಂಡರು. ಅಲ್ಲಿ ಏನೂ ಇರಲಿಲ್ಲ.

"ಮೇಡಂ, ಕ್ಲೆಮೆಂಟೆ ಸತ್ತದ್ದ್ ಹ್ಯಾಂಗ್ ಗೊತ್ತಿತ್ತಾ? ಪಕ್ಕದ್ ದೇಶದಲ್ಲಿ ಭೂಕಂಪ ಆಯಿತ್ತ್. ಆ ಜನಕ್ಕೆ ಸಾಮಾನ್ ತಕಂಡ್ ಹೋಪತಿಗೆ ವಿಮಾನ ಕಡ್ಲಿಗೆ ಬಿತ್ತ್. ಹೆಣವೂ ಸಿಕ್ಲಿಲ್ಲ. ಬಂದರಿನವ್ರ್ ಹೇಳಿದ್ರ್. ವಾಪಸ್ ಬಪ್ಪತಿಗೆ ನಮ್ಮ ಹಡಗೂ ತೂಫಾನಿಗೆ ಸಿಕ್ತ್. ಹೆದ್ರಿ ಆ ಕಾರ್ಡ್ ತೆಗ್ದ್ ಕಿಸೆಲಿ ಇಟ್ಕಂಡೆ. ಅವ ಜತೆಗಿದ್ರೆ ಮುಳುಗುದಿಲ್ಲ ಅಂದೇಳಿ. ಬೆಳಿಗ್ಗೆ ಇಡ್ವ ಅಂದ್ರೆ ಅಷ್ಟೊತ್ತಿಗೆ ಚಂದಯ್ಯ ಕಳ್ಳ ಅಂದಾಯ್ತ್. ಮತ್ತೆ ಹ್ಯಾಂಗ್ ಕೊಡೂದ್?"

"ಬುಧವಾರ ಏನಾಯ್ತು?"

"ಈ ಸಲ ಕಣ್ಣ್ ಸಮ ಆಯ್ತ್, ಬಸ್ ಹತ್ತಿದೆ. ಅವ ಮನಿಕಂಡಿದ್ದ. ಆಲ್ಬಂ ಬಿಸ್ಕತ್ ಡಬ್ಬಿಲಿ ಇಪ್ಪುದ್ ಜನ ಹೇಳಿ ಗೊತ್ತಿತ್ತ್. ಜೇಬಲ್ಲಿ ಸಿಕ್ಕಿಸಿ ಹೋಪ ಅಂತ. ಪ್ಲಾಸ್ಟಿಕ್ ಗಟ್ಟಿ ಆಯಿತ್ತ್, ಕಾರ್ಡ್ ಒಳಗೆ ಹೋತಿಲ್ಲ. ಹಿಂದೆ ಚಂದಯ್ಯ ಕೆಮ್ಮಿದ. ಅದೇ ಕೆಮ್ಮು ಮೇಡಂ, ಹಡಗಲ್ಲಿ ಕೆಮ್ತಿದ್ದದ್ದೇ! ಆಲ್ಬಂ ಚೀಲಕ್ಕೆ ಹಾಕಿ ಡಬ್ಬಿ ಮುಚ್ಚಿದೆ. ಬಸ್ ಕಾಯುಕೆ ಬೆಂಚಲ್ಲಿ ಕೂಕಂಡೆ."

"ಕಾಗೆಗೆ ಕಲ್ಲೂ ಹೊಡೆದ್ರಿ."

"ಕಂಡಿದ್ರಾ?" ಮುತ್ತ ನಾಚಿ ನಕ್ಕರು. "ಕಾಲ್ ಅಷ್ಟ್ ಎತ್ತುಕಾತ್ತ್ ಅಂದೇಳಿ ನಂಗೂ ಗೊತ್ತಿರ್ಲಿಲ್ಲ."

ನೆರೆಮನೆಯ ಇಬ್ಬರು ಪಂಚರ ಸಮಕ್ಷಮ ಜಪ್ತಿ ಪಂಚನಾಮೆ ಶುರುವಾಯಿತು. ಪಾಂಡು ತಮ್ಮದೇ ಪಟ್ಟಿ ಹಿಡಿದು ಒಂದೊಂದೇ ಗುರುತು ಹಾಕಿದರು. ಕೊನೆಗೆ ಎಣಿಸಿದರು. ಮತ್ತೆ ಎಣಿಸಿದರು.

"ಮೇಡಂ, ಹೋದದ್ದ್ ನೂರ ಹನ್ನೆರಡ್. ಸಿಕ್ಕದ್ದ್ ನೂರ ಹದಿಮೂರ್. ಇಪ್ಪತ್ತೆರಡ್ ವರ್ಷದ ಸರ್ವಿಸಲ್ಲಿ ಕಳ್ಳರತ್ರ ಕಮ್ಮಿ ಅಪ್ಪುದ್ ಕಂಡಿದ್ದೆ. ಜಾಸ್ತಿ ಆದದ್ದ್ ಇದೇ ಸುರು."

ನಲವತ್ತೇಳನೆಯ ಜೇಬಿನಲ್ಲಿ ಕ್ಲೆಮೆಂಟೆ ಕೂತಿದ್ದ. ಮನೆಗೆ ತಂದ ಮೇಲೆ ಪ್ಲಾಸ್ಟಿಕ್ಕನ್ನು ಬಿಸಿನೀರಿನ ಪಾತ್ರೆಯ ಮೇಲೆ ಹಿಡಿದು ಮೆತ್ತಗೆ ಮಾಡಿ ಒಳಗೆ ಹಾಕಿದೆನೆಂದು ಮುತ್ತ ವಿವರಿಸಿದರು.

"ಮಾಲೀಕರು ಅಂಬಲ್ಲಿ ಇದಕ್ಕೆ ಯಾರ ಹೆಸ್ರ್ ಬರೂದ್?" ಪಾಂಡು ಕೇಳಿದರು.

"ಸದ್ಯ ಖಾಲಿ ಬಿಡಿ" ಎಂದರು ವನಜ.

9.05ಕ್ಕೆ ದಸ್ತಗಿರಿ. ವಿಷಯವನ್ನು ಆರೋಪಿಯ ಹೆಂಡತಿ ನಾಗು ಅವರಿಗೆ ತಿಳಿಸಿ ಸಹಿ ಪಡೆಯಲಾಯಿತು. ಅವರು ಸಹಿ ಹಾಕಿ ಪೆನ್ನು ಹಿಂದೆ ಕೊಡುತ್ತ, "ಪೊಲೀಸ್ರ್ ಬರ್ಕಾಯ್ತ್ ಕಾಣಿ. ಅಂತೂ ಚಂದಯ್ಯನ ಕಾಂಬುಕೆ ಹೊರಟ್ರಲ್ಲ!" ಎಂದರು. ಗಂಡನ ಮಾತ್ರೆಗಳನ್ನು ಪಾಂಡುವಿನ ಕೈಗೆ ಕೊಟ್ಟರು.

ಮಧ್ಯಾಹ್ನ ಕುಂದಾಪುರದ ನ್ಯಾಯಾಲಯದಲ್ಲಿ ಫಿರ್ಯಾದುದಾರರ ತಕರಾರಿಲ್ಲದ ಕಾರಣ ಜಾಮೀನು ಸಿಕ್ಕಿತು. ಆಲ್ಬಂ ಮಧ್ಯಂತರವಾಗಿ ಚಂದಯ್ಯನವರ ಸುಪರ್ದಿಗೆ ಬಂತು. ಹೊರಗಿನ ಪಡಸಾಲೆಯ ಬೆಂಚಿನಲ್ಲಿ ಚಂದಯ್ಯ ಒಂದು ತುದಿ, ಮುತ್ತ ಇನ್ನೊಂದು ತುದಿ. ನಡುವೆ ಪಾಂಡು.

ಚಂದಯ್ಯ ನಲವತ್ತೇಳನೆಯ ಜೇಬು ತೆರೆದರು. ಕಾರ್ಡನ್ನು ಹೊರಗೆ ಎಳೆದು, ತಿರುಗಿಸಿ, ಹಿಂದಿನ ಅಂಕಿಗಳನ್ನು ತುಟಿಯಲ್ಲೇ ಓದಿದರು. ಬಹಳ ಹೊತ್ತು ಓದಿದರು. ಆಮೇಲೆ ಪಾಂಡುವಿನ ಹೊಟ್ಟೆಯ ಆಚೆಯಿಂದ ಬಗ್ಗಿ ನೋಡಿ ಹೇಳಿದರು:

"ಮೂಲೆ ಮಡ್ಚಿದ್ಯಲ್ಲ ಮಾರಾಯ."

"ಕಿಸೆಲಿ ಇದ್ದದ್ದಲ್ದಾ."

"ಎಷ್ಟ್ ವರ್ಷ?"

"ಎಲ್ಲಾ ವರ್ಷವೂ."

ಪಾಂಡು ಮೆಲ್ಲಗೆ ಎದ್ದು ನೀರು ಕುಡಿಯಲು ಹೋದರು.

"ಆಯ್ತಾರ ಒಂಬತ್ ಗಂಟಿಗೆ ಆಟ" ಎಂದರು ಚಂದಯ್ಯ. "ನೀ ಬೇಗ ಬಾ. ಗೋಣಿ ಹಾಸುಕೆ ಜನ ಇಲ್ಲ."

ಭಾನುವಾರ ಬಸ್ರೂರಿನ ಗದ್ದೆಯಲ್ಲಿ ಗೋಣಿಗಳು ಎಂಟೂವರೆಗೇ ಹಾಸಿಯಾಗಿದ್ದವು. ಗೆರಸಿಯಲ್ಲಿ ಮೊದಲ ಸಲ ನೂರ ಹದಿಮೂರು ಕಾರ್ಡು. ಗುಲಾಬಿ ಎತ್ತಿದ ಕೂಡಲೇ "ಹ್ಯಾಂಕ್ ಆರನ್!" ಎಂದು ಕಿರುಚಿ ಕುಣಿದರು, "ಇನ್ನ್ ಯಾರಾರೂ ಯೋಗಿ ಅಂದ್ರೆ ಮೀನ್ ಕೊಡೂದಿಲ್ಲ!" ಒಬ್ಬ ಆಟಗಾರ ಕಡಿಮೆಯಿದ್ದ. ಬಂದೋಬಸ್ತಿಗೆ ಬಂದಿದ್ದ ಪಾಂಡು ವನಜರ ಮುಖ ನೋಡಿದರು. ವನಜ ಟೋಪಿಗಾಗಿ ಕೈ ಚಾಚಿದರು. ಪಾಂಡು ಎತ್ತಿದ್ದು ಹನ್ನೆರಡನೆಯದು. ಚಿತ್ರ ಕಂಡದ್ದೇ, ಯಾರೂ ಕೇಳದೆಯೇ, "ವಿಲ್ಲಿ ಮೇಸ್! ಆರ್‌ನೂರ ಐವತ್ನಾಲ್ಕ್! ಮತ್ತೆ ಆರ್!" ಎಂದರು. ಇಡೀ ಗದ್ದೆ ನಕ್ಕಿತು.

ಕ್ಲೆಮೆಂಟೆ ಯಾರ ಕೈಗೂ ಬರಲಿಲ್ಲ. ಚಂದಯ್ಯ ಅದನ್ನು ಗೆರಸಿಯಿಂದ ಎತ್ತಿ, ಉಫ್ ಎಂದು ಊದಿ, ಜೇಬಿಗೆ ಸೇರಿಸಿದರು. ಆಮೇಲೆ ದಾಂಡು ಹಿಡಿದು ನಿಂತರು. ಚೆಂಡು ಮುತ್ತನ ಕೈಯಲ್ಲಿತ್ತು.

"ಕಂಬಕ್ಕೆ ತಾಗ್ಸ್‌ಬೇಡಿ ಮುತ್ತಣ್ಣ!" ಗುಲಾಬಿ ಕೂಗಿದರು.

ಮುತ್ತ ಎಡಗಾಲೆತ್ತಿದರು. ಸೊಂಟದವರೆಗೆ ಬಂದು ಕಾಲು ನಿಂತಿತು. ಮತ್ತೂ ಒಂದು ಗೇಣು ಎತ್ತಿ ಎಸೆದರು.

ಸೋಮವಾರ ಚಂದಯ್ಯ ರಾಜಿಗೆ ಒಪ್ಪಿ ಮರುಹೇಳಿಕೆ ಕೊಟ್ಟರು. ವನಜ ಕೇಸ್ ಡೈರಿಯಲ್ಲಿ ಹೀಗೆ ಬರೆದರು: 'ಆರೋಪಿಯು 1973ರಲ್ಲಿ ಭಯದಿಂದ ತೆಗೆದ ಒಂದು ಕಾರ್ಡನ್ನು ಹಿಂದಿರುಗಿಸಲು ಹೋಗಿದ್ದು, ಜೇಬು ಬಿಗಿಯಾಗಿದ್ದರಿಂದಲೂ, ಫಿರ್ಯಾದುದಾರರ ಕೆಮ್ಮನ್ನು ಗುರುತಿಸಿ ಗಾಬರಿಯಾದದ್ದರಿಂದಲೂ ಆಲ್ಬಮನ್ನು ಒಯ್ದಿರುತ್ತಾನೆ. ಬೇರೆ ಉದ್ದೇಶ ಕಂಡುಬಂದಿಲ್ಲ.'

ಪಾಂಡು ಪಂಚನಾಮೆಯ ಪ್ರತಿ ತಂದಿಟ್ಟರು. ನಿನ್ನೆಯ ಆಟದಿಂದ ಅವರ ಬಲಭುಜ ನೋಯುತ್ತಿತ್ತು.

"ಈ ನಲವತ್ತೇಳಕ್ಕೆ ಮಾಲೀಕರ ಹೆಸ್ರ್ ಬಾಕಿ ಇತ್ತ್ ಮೇಡಂ."

"ಚಂದಯ್ಯನವರು ಹೇಳಿಕೆಯಲ್ಲಿ ಏನಂದಿದ್ದಾರೆ?"

ಪಾಂಡು ಹಾಳೆ ಮಗುಚಿ ಓದಿದರು. "'ಗಮ್ ಪೊಟ್ಟಣ ನಾವಿಬ್ರೂ ಸೇರಿ ತಕಂಡದ್ದ್. ಯಾವ್ದರಲ್ಲಿ ಯಾರ್ ಬಂದ್ರ್ ಅಂದೇಳಿ ಆಗ್ಲೂ ಕಂಡ್ಕಂಡಿರ್ಲಿಲ್ಲ.'"

"ಹಾಗಾದರೆ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ ಬರಿ" ಎಂದರು ವನಜ.